ಗುಜರಿಗೆ ಹೊರಟಿದ್ದ ವ್ಯಾನು

ಮೈಸೂರು ಮೈನ್ಸ್ ಎಂಬ ಹಳೇ ಚಿನ್ನದ ಗಣಿಯ ನಮ್ಮ ಲೈನುಮನೆಗಳಲ್ಲಿ ಕೋದಂಡಪ್ಪ ಒಬ್ಬನೇ ಮನುಷ್ಯರ ಜೊತೆ ಕನ್ನಡದಲ್ಲೂ ವ್ಯಾನಿನ ಜೊತೆ ತಮಿಳಿನಲ್ಲೂ ಮಾತಾಡುವವನು. ಕೇಳಿದರೆ, "ತಮಿಳ್ ಸೀಮೆ ವಾಣಿಯಂಬಾಡೀಲಿ ತಕ್ಕಂಡಿದ್ದು ಮಾವ, ಅದ್ಕೆ ಬೇರೆ ಮಾತು ಬರಾಕಿಲ್ಲ" ಎನ್ನುತ್ತಾನೆ.

ಬೆಳಿಗ್ಗೆ ಕ್ಯಾಸಂಬಳ್ಳಿಯ ತರಕಾರಿಯನ್ನು ಬಂಗಾರಪೇಟೆಗೆ ಮುಟ್ಟಿಸುವುದು, ಬರುವಾಗ ಫ್ಯಾಕ್ಟರಿ ಕೆಲಸದವರನ್ನು ತುಂಬಿಕೊಂಡು ಬರುವುದು ಅವನ ಕಸುಬು. ಆ ವ್ಯಾನಿನ ವಯಸ್ಸು ಆರ್‌ಟಿಒ ಕಚೇರಿಗೂ ಮರೆತುಹೋಗಿದೆ. ಅದು ಬಿಡುವ ಹೊಗೆಗೆ, ಗಣಿಯ ಮಣ್ಣು ಸುರಿದು ಗುಡ್ಡದಷ್ಟಾದ ಸೈನೈಡ್ ದಿಬ್ಬ ಎರಡು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾರ್ನು ಹೊಡೆದರೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲು ಬದಿಗೆ ಸರಿಯುತ್ತದೆ. ಒಮ್ಮೆ ಹಳ್ಳಕ್ಕೆ ಬಿದ್ದು ಎದ್ದ ಸದ್ದಿಗೆ, ಗಣಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಚಿನ್ನವೂ ಹೆದರಿ ಇನ್ನೂ ಆಳಕ್ಕೆ ಇಳಿಯಿತು.

ಹೋದ ತಿಂಗಳು ಅದು ಪದೇ ಪದೇ ನಡುದಾರಿಯಲ್ಲಿ ಕೈಕೊಟ್ಟಿತು. ಕೋದಂಡಪ್ಪನ ಹೆಂಡತಿ ಪಾಪಕ್ಕ ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಇನ್ನೊಂದು ಕಿತ ಈ ಡಬ್ಬ ಮೊಂಡು ಬಿದ್ರೆ, ಅವತ್ತೇ ಗುಜರಿಗೆ."

ಕೋದಂಡಪ್ಪನೂ ರೋಸಿಹೋಗಿ "ಆಯ್ತು" ಎಂದುಬಿಟ್ಟ. ಅಂದಿನಿಂದ ಗುಜರಿ ಜಯರಾಮಪ್ಪ, ಹಾಸಿಗೆ ಹಿಡಿದ ನೆಂಟರನ್ನು ನೋಡಲು ಬರುವವನ ಹಾಗೆ, ವಾರವಾರ ಬಂದು ವ್ಯಾನಿನ ಆರೋಗ್ಯ ವಿಚಾರಿಸಿ ಹೋಗುತ್ತಿದ್ದ.

ಆ ಶುಕ್ರವಾರ ಅವನು ಯಾರದೋ ಬೈಕಿನಿಂದ ಇಳಿಯುವುದಕ್ಕೂ, ವ್ಯಾನು ಸ್ಟಾರ್ಟ್ ಆಗದೆ ಕೂರುವುದಕ್ಕೂ ಸರಿಹೋಯಿತು.

ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಕೋದಂಡಪ್ಪ ಹಾರ್ನು ಒತ್ತಿದ, ಬ್ಯಾಟರಿ ಸರಿಯಿದೆ. ಸೀಟು ಎತ್ತಿ ಪ್ಲಗ್ಗು ಬಿಚ್ಚಿ, "ಇದ್ನ ಕಬ್ಬಿಣಕ್ಕೆ ತಾಗಿಸಿ ಇಡ್ಕೊ ಮಾವ" ಎಂದು ನನ್ನ ಕೈಗಿಟ್ಟು ಮತ್ತೆ ಸೆಲ್ಫ್ ಹೊಡೆದ. ನನ್ನ ತಲೆಯ ಮೇಲೆ ಇಲ್ಲದ ಕೂದಲೂ ನೆಟ್ಟಗೆ ನಿಂತಿತು. ಕಿಡಿಯೂ ಸರಿಯಿದೆ. ಏರ್ ಫಿಲ್ಟರ್ ಬಿಚ್ಚಿ ಒದರಿದ; ಬಿದ್ದ ಮಣ್ಣಿನಲ್ಲಿ ಅರ್ಧ ಎಕರೆ ರಾಗಿ ಬಿತ್ತಬಹುದಿತ್ತು. ವ್ಯಾನು ಓಡುವುದು ಗ್ಯಾಸಿನಲ್ಲಿ; ಅದರ ಮುಳ್ಳೂ ಅರ್ಧಕ್ಕಿತ್ತು. ಆದರೂ ಇಂಜಿನ್ ಉಸಿರೆತ್ತಲಿಲ್ಲ. ಅವನ ತಮಿಳು ಬೈಗುಳದಿಂದ ಬೇಡಿಕೆಗೆ ಇಳಿಯಿತು.

"ಸಾಕ್ ಬುಡಣ್ಣ," ಎಂದ ಜಯರಾಮಪ್ಪ, ಟೈರನ್ನು ಕಾಲಿನಿಂದ ತಟ್ಟಿ ನೋಡುತ್ತ. "ಸತ್ತೋರ್ಗೆ ಎಷ್ಟೊತ್ತು ಗಾಳಿ ಬೀಸ್ತೀಯ."

"ಕಾಲ್ ತೆಗಿ ಮದ್ಲು."

"ಮಾತ್ ಕೊಟ್ಟಿದ್ದು ನೀನೇ ಅಲ್ವಾ?"

ಕೋದಂಡಪ್ಪ ಹೆಂಡತಿಯ ಕಡೆ ನೋಡಿದ. ಎಂದೂ ಬಾಯಿ ಮುಚ್ಚದ ಪಾಪಕ್ಕ ಹೊಸ್ತಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಇನ್ನು ವಾದವಿಲ್ಲವೆಂದು ಅವನು ಕೀ ತೆಗೆದುಕೊಡಲು ಒಳಗೆ ಬಗ್ಗಿದವನು, ಹಾಗೇ ನಿಂತುಬಿಟ್ಟ.

ಸ್ಟೇರಿಂಗಿನ ಮೇಲಂಚಿಗೆ ಕುಂಕುಮದ ಬೊಟ್ಟು; ಇಷ್ಟು ಹೊತ್ತೂ ಅವಸರದಲ್ಲಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೀಟರಿನ ಗಾಜಿಗೊಂದು. ಗ್ಯಾಸಿಗೂ ಪೆಟ್ರೋಲಿಗೂ ಬದಲಾಯಿಸುವ ಪುಟ್ಟ ಸ್ವಿಚ್ಚಿಗೂ ಒಂದು, ಹೆಬ್ಬೆಟ್ಟಿನಲ್ಲಿ ಒತ್ತಿ ಇಟ್ಟದ್ದು. ಆ ಸ್ವಿಚ್ಚು ಕೆಳಗಿದ್ದರೆ ಗ್ಯಾಸು, ಮೇಲಿದ್ದರೆ ಪೆಟ್ರೋಲು, ನಡುವೆ ನಿಂತರೆ ಎರಡೂ ಬಂದ್. ಭಕ್ತಿಯ ಭಾರಕ್ಕೆ ಅದು ಸರಿಯಾಗಿ ನಡುವೆ ಬಂದು ನಿಂತಿತ್ತು.

"ಇದ್ಯಾರೇ ಬೊಟ್ಟಿಕ್ಕಿರೋದು?"

"ನಂಗೇನ್ ಗೊತ್ತು. ಆ ದರಿದ್ರಾನ ಯಾರ್ ಮುಟ್ತಾರೆ," ಎನ್ನುತ್ತ ಪಾಪಕ್ಕ ಹೆಬ್ಬೆರಳನ್ನು ಸೆರಗಿನೊಳಗೆ ಸೇರಿಸಿದಳು. ಸೆರಗೂ ಕೆಂಪಾಯಿತು.

ಕೋದಂಡಪ್ಪ ಕುಂಕುಮ ಅಳಿಸದ ಹಾಗೆ, ಉಗುರಿನಿಂದ ಸ್ವಿಚ್ಚನ್ನು ಕೆಳಕ್ಕೆ ತಳ್ಳಿ ಕೀ ತಿರುಗಿಸಿದ. ವ್ಯಾನು ಒಮ್ಮೆ ಕೆಮ್ಮಿ ಸ್ಟಾರ್ಟ್ ಆಯಿತು.

ಬೈಕಿನವನು ಆಗಲೇ ಹೋಗಿದ್ದರಿಂದ ಜಯರಾಮಪ್ಪನಿಗೆ ವಾಪಸ್ಸು ಹೋಗಲು ದಾರಿ ಇರಲಿಲ್ಲ. "ಗಾಡಿ ಅತ್ಕೊಳಪ್ಪ, ಬಂಗಾರಪೇಟೇಲಿ ಇಳಿಸ್ತೀನಿ" ಎಂದ ಕೋದಂಡಪ್ಪ. ಜಯರಾಮಪ್ಪ ಹತ್ತಿ ಕೂತು ಸಿಟ್ಟಿನಿಂದ ಬಾಗಿಲು ಬಡಿದ.

"ಮೆಲ್ಲಗ್ ಆಕಣ್ಣೋ," ಎಂದಳು ಪಾಪಕ್ಕ ಹೊಸ್ತಿಲಿನಿಂದ. "ಅದ್ಕೂ ನೋವಾಯ್ತದೆ."