ಕಾಕಿಯ ಕಿಟಕಿ ಮತ್ತು ನಮ್ಮ ಜೀಪು

ಅದು ೧೯೭೪ರ ಮಾತು. ಶಹಾಬಾದಿನಲ್ಲಿ ನಮ್ಮ ಯಜಮಾನರು ಹಳೆಯ ಜೀಪೊಂದನ್ನು ಕೊಂಡು ಬಾಡಿಗೆಗೆ ಓಡಿಸಲು ಶುರು ಮಾಡಿದ್ದರು. ಪಕ್ಕದಲ್ಲಿ ಕೂತು ನಾನು ಕೆಮ್ಮಿದರೂ ಕೇಳಿಸದ ಮನುಷ್ಯನಿಗೆ ಜೀಪಿನ ಸಣ್ಣ ಸದ್ದೂ ಕೇಳಿಸುತ್ತಿತ್ತು. ಬಿಸಿಲಿಗೆ ಅದರ ಬಣ್ಣ ಸುಲಿಯುತ್ತಿದೆ ಎಂದು ಮನೆಯ ಪಕ್ಕದ ಖಾಲಿ ಜಾಗದಲ್ಲಿ ಶೆಡ್ಡು ಕಟ್ಟಲು ಹೊರಟರು.

ಪುರಸಭೆಯ ನಿಯಮದಂತೆ ಪಕ್ಕದ ಮನೆಯ ಗೋಡೆಯಿಂದ ಮೂರು ಅಡಿ ಬಿಡಬೇಕಿತ್ತು. ಬಿಟ್ಟರೆ ಜೀಪು ಹಿಡಿಸುವುದಿಲ್ಲ. ಯಜಮಾನರು ವಿನಾಯಿತಿ ಕೇಳಿ ಅರ್ಜಿ ಕೊಟ್ಟರು. ಓವರ್ಸಿಯರ್ ಬಂದು ಟೇಪು ಹಿಡಿದು ಅಳೆದು, "ಬಾಜೂ ಮನಿಯವ್ರು ಒಪ್ಪಿ ಬರ್ಕೊಟ್ರ ಸಾಹೇಬ್ರ ಮುಂದ ಇಡ್ತೀನ್ರಿ. ಇಲ್ಲಂದ್ರ ಆಗಂಗಿಲ್ಲ" ಎಂದರು.

ಪಕ್ಕದ ಮನೆ ಗುರಬಾಯಿ ಕಾಕಿಯದು. ಮಗಳು ವಾಡಿ ಊರಿನ ಗಂಡನ ಮನೆಯಲ್ಲಿ, ಇಲ್ಲಿ ಅವರೊಬ್ಬರೇ. ಅವರ ಅಡುಗೆಮನೆಯ ಕಿಟಕಿ ಅದೇ ಖಾಲಿ ಜಾಗಕ್ಕೆ ತೆರೆಯುತ್ತಿತ್ತು. ತಾಯಿಯಿಲ್ಲದ ನಾನು ಮದುವೆಯಾಗಿ ಬಂದಾಗಿನಿಂದ ದಿನಕ್ಕೆ ಹತ್ತು ಸಲ ಆ ಕಿಟಕಿಗೆ ಓಡುತ್ತಿದ್ದೆ. ಕಾಕಿ ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದರು. ನಾನು ಅತ್ತಾಗ ಕಣ್ಣೊರೆಸಿದ್ದೂ ಆ ಸರಳುಗಳ ಸಂದಿಯಿಂದಲೇ.

"ನೀನ ಹೋಗು. ನಿನಗಾದ್ರ ಕಾಕಿ ಇಲ್ಲ ಅನ್ನಂಗಿಲ್ಲ" ಎಂದು ಯಜಮಾನರು ಒಪ್ಪಿಗೆ ಕಾಗದವನ್ನು ನನ್ನ ಕೈಗಿಟ್ಟರು. ಅದನ್ನೂ ಕಿಟಕಿಯಿಂದಲೇ ಕೊಟ್ಟೆ.

"ಗ್ವಾಡಿ ಎಲ್ಲಿ ಬರ್ತದವ್ವ?" ಕಾಕಿ ಕೇಳಿದರು.

"ಇಲ್ಲೇ ಕಾಕಿ, ಈ ಖಿಡಕಿಗಿ ಹತ್ತಿ" ಎಂದೆ, ಅವರ ಮುಖ ನೋಡಲಾಗದೆ. "ನಾ ದಿನಾ ಮುಂದಿನ ಬಾಗಲಿಂದ ಬರ್ತೀನಿ."

ಕಾಕಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಿಮ್ ಗಾಡಿ ನೆಳ್ಳಾಗ ಇರ್ಲಿ ಬಿಡವ್ವ" ಎಂದು ಹೆಬ್ಬೆಟ್ಟು ಒತ್ತಿದರು.

ಮಂಜೂರಿ ಬಂತು, ಗೋಡೆ ಎದ್ದಿತು. ಕಾಕಿಯ ಮುಂಬಾಗಿಲು ಇದ್ದದ್ದು ಹಿಂದಿನ ಓಣಿಗೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಹದಿನೈದು ದಿನ ತಪ್ಪದೆ ಸುತ್ತು ಹಾಕಿ ಹೋದೆ. ಆದರೆ ಬಾಗಿಲಿಂದ ಹೋಗಬೇಕೆಂದರೆ ಸೀರೆ ಸರಿ ಮಾಡಿಕೊಳ್ಳಬೇಕು, ಮನೆಗೆ ಬೀಗ ಹಾಕಬೇಕು. ಅಲ್ಲಿ ಕಾಕಿ ಒಲೆ ಬಿಟ್ಟೆದ್ದು ಚಾಪೆ ಹಾಸಿ, "ಕುಂದ್ರವ್ವ, ಚಾ ಮಾಡ್ತೀನಿ" ಎನ್ನುವರು. ಇಬ್ಬರೂ ಬೀಗರ ಹಾಗೆ ಕೂತಿರುತ್ತಿದ್ದೆವು. ದಿನಾ ಹೋಗುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ಹಬ್ಬಕ್ಕಷ್ಟೇ. ಎರಡು ವರ್ಷಕ್ಕೆ ಕಾಕಿ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು.

ಸುಳ್ಳು ಹೇಳಬಾರದು, ಆ ಜೀಪಿನಿಂದಲೇ ನಮ್ಮ ಸಂಸಾರ ನಡೆಯಿತು. ಆದರೂ ಇಂದಿಗೂ ಒಲೆಯ ಮುಂದೆ ಇರುವಾಗ ಏನಾದರೊಂದು ಮಾತು ಕಾಕಿಗೆ ಹೇಳಬೇಕೆನಿಸಿ ಎದ್ದುಬಿಡುತ್ತೇನೆ. ಅಂದು ಎಲ್ಲರಿಗೂ ಕಾಕಿಯ ಒಪ್ಪಿಗೆ ಬೇಕಾಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ಕಾಗದ ಒಯ್ದ ನಾನೂ ಕೇಳಿಕೊಳ್ಳಲಿಲ್ಲ. ಕೇಳಿದ್ದರೆ ಒಲ್ಲೆ ಅನ್ನುತ್ತಿದ್ದೆ.