ಎರಡು ಕಡೆಯೂ ಟಕ್ ಅನ್ನಬೇಕು

ಪ್ರಿಯಾ, ಶಶಿ,

ಹೋದ ಭಾನುವಾರ ನಿಮ್ಮ ಕಂಪ್ಯೂಟರ್ ಸಿಸ್ಟಂ ತೆರೆ ಬೆಳಗದೆ ಬೀಪ್ ಎಂದು ಉದ್ದುದ್ದಕ್ಕೆ ಕೂಗತೊಡಗಿದಾಗ ನಾನು ಶಶಿಯ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ಕೇಳಿದೆ. ನೀವಿಬ್ಬರೂ ನಕ್ಕಿರಿ. ಆ ರಬ್ಬರಿನ ಸಿಹಿ ವಾಸನೆ ಮೂಗಿಗೆ ಬಡಿದಾಗ ನನ್ನ ಕೈ ಒಂದು ಗಳಿಗೆ ನಿಂತುಬಿಟ್ಟಿತು. ಆಮೇಲೆ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಮೆಮೊರಿ ಕಡ್ಡಿಯ ಹಳದಿ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿದೆ. ತೆರೆ ಬೆಳಗಿತು. ಅಜ್ಜಿಗೆ ಇದೆಲ್ಲ ಹೇಗೆ ಗೊತ್ತು ಎಂದು ಪ್ರಿಯಾ ಕೇಳಿದಳು. ಯಾರೋ ಹೇಳಿಕೊಟ್ಟಿದ್ದರು ಎಂದು ಒಳಗೆ ಹೋದೆ. ಉಳಿದದ್ದನ್ನು ಎದುರಿಗೆ ಹೇಳಲು ನನಗೆ ಬರುವುದಿಲ್ಲ. ನಿಮಗೆ ಕನ್ನಡ ಓದಲು ಕಲಿಸಿದ್ದು ಹೀಗೆ ಉಪಯೋಗಕ್ಕೆ ಬಂತು.

ನಿಮ್ಮ ತಾತ ಹೋದ ಮರುವರ್ಷ ನಾನು ನೀಲಗಿರಿಯ ಗೂಡಲೂರಿನ ಹೊರಗಿನ ಒಂದು ಟೀ ಎಲೆ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದೆ. ಆಫೀಸು ಗುಡಿಸಿ ಒರೆಸುವುದು, ಹೊತ್ತುಹೊತ್ತಿಗೆ ಟೀ ಕೊಡುವುದು. ಸುತ್ತಲಿನ ಸಣ್ಣ ತೋಟದವರು ಹಸಿರೆಲೆ ತಂದು ಅಲ್ಲಿ ತೂಗಿಸುತ್ತಿದ್ದರು. ತೂಕದ ಚೀಟಿ ಬರುತ್ತಿದ್ದುದು ಆಫೀಸಿನ ಒಂದೇ ಒಂದು ಸಿಸ್ಟಂನಿಂದ. ನಿಮ್ಮ ಅಪ್ಪ ಆಗ ಹತ್ತನೆಯ ಕ್ಲಾಸು. ಆ ಕೆಲಸ ಹೋದರೆ ನನಗೆ ಎಸ್ಟೇಟಿನ ಇಳಿಜಾರಿನಲ್ಲಿ ಎಲೆ ಕೀಳುವುದೊಂದೇ ದಾರಿ. ನನ್ನ ಮೊಣಕಾಲು ಅದಕ್ಕೆ ಆಗಲೇ ಒಪ್ಪುತ್ತಿರಲಿಲ್ಲ.

ಸಿಸ್ಟಂ ಕೆಟ್ಟರೆ ಪೇಟೆಯಿಂದ ಒಬ್ಬರು ಬರುತ್ತಿದ್ದರು. ಎಲ್ಲರೂ ಅವರನ್ನು ಸಿಸ್ಟಂ ಅಣ್ಣ ಎನ್ನುತ್ತಿದ್ದರು. ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಅವರ ಪುಟ್ಟ ಅಂಗಡಿ. ತೆಳ್ಳನೆಯ ಮನುಷ್ಯ, ಮಳೆಗಾಲವಿಡೀ ಒಂದೇ ಕಂದು ಸ್ವೆಟರ್. ಗುಂಡ್ಲುಪೇಟೆ ಕಡೆಯವರು, ನನ್ನ ತವರಿನ ಸೀಮೆ. ಹಾಗಾಗಿ ನನ್ನ ಹತ್ತಿರ ಕನ್ನಡದಲ್ಲೇ ಎರಡು ಮಾತು ಆಡುತ್ತಿದ್ದರು. ನಾನು ಹೆಚ್ಚಾಗಿ ತಲೆಯಾಡಿಸುತ್ತಿದ್ದೆ. ಒಂದು ಸಲ ಸಿಸ್ಟಂ ನಿಧಾನವಾಗಿದೆಯೆಂದು ಎರಡನೆಯ ಮೆಮೊರಿ ಕಡ್ಡಿ ಹಾಕಲು ಬಂದಿದ್ದರು. ಹಳೆಯ ಕಡ್ಡಿಯ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿದ್ದನ್ನು ಟೀ ಲೋಟ ಹಿಡಿದು ನಿಂತು ನೋಡಿದೆ. ಎರಡು ತುದಿಯ ಬಿಳಿ ಕೊಂಡಿಗಳನ್ನು ಒತ್ತಿದರೆ ಕಡ್ಡಿ ಮೇಲೇಳುತ್ತಿತ್ತು. ಅಷ್ಟು ನೋಡಿದ್ದೇ ನನಗೆ ಸಾಕಾಯಿತು...

ಅದಾಗಿ ಒಂದು ವಾರಕ್ಕೆ ಆಯುಧ ಪೂಜೆ. ಹಿಂದಿನ ದಿನ ಫ್ಯಾಕ್ಟರಿಯಲ್ಲಿ ರೋಲರ್, ಡ್ರೈಯರ್, ತಕ್ಕಡಿ, ಲಾರಿ ಎಲ್ಲವನ್ನೂ ತೊಳೆದು ಚಂದನ ಕುಂಕುಮ ಇಡುತ್ತಿದ್ದರು. ಕುಂಕುಮದ ತಟ್ಟೆಯ ಹತ್ತಿರ ನಾನು ಹೋಗಬಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಬಂದಾಗ ತಟ್ಟೆ ಆಚೆಗೆ ಸರಿಯುತ್ತಿತ್ತು, ಅಷ್ಟೇ. ಆಫೀಸು ಒರೆಸುವುದು ನನ್ನ ಪಾಲಿಗೆ ಬಂತು. ಸಂಜೆ ಎಲ್ಲರೂ ಕೆಳಗೆ ಮಂಡಕ್ಕಿ ಹಂಚುತ್ತಿದ್ದಾಗ, ಮೇಜಿನ ಮೇಲೆ ಉಳಿದಿದ್ದ ಕುಂಕುಮದ ಪೊಟ್ಟಣ ಕಣ್ಣಿಗೆ ಬಿತ್ತು. ಬೊಟ್ಟನ್ನು ಹೊರಗಡೆ ಇಟ್ಟರೆ ಯಾರಾದರೂ ನೋಡುತ್ತಾರೆ. ಸಿಸ್ಟಂನ ಮುಚ್ಚಳ ತೆಗೆದೆ, ಎರಡೂ ಕಡ್ಡಿ ಬಿಡಿಸಿದೆ, ಸೆರಗಿನಲ್ಲಿ ಒರೆಸಿದೆ, ಒಂದೊಂದಕ್ಕೂ ಒಂದೊಂದು ಬೊಟ್ಟು ಇಟ್ಟು ಕೈಮುಗಿದೆ. ಮತ್ತೆ ಕೂರಿಸಿ ಮುಚ್ಚಿದೆ. ವರ್ಷದ ಮೇಲೆ ನನ್ನ ಬೆರಳಿಗೆ ಕುಂಕುಮ ತಾಗಿದ್ದು ಅಂದೇ.

ರಜೆ ಮುಗಿಸಿ ಬಂದ ಬೆಳಿಗ್ಗೆ ಮ್ಯಾನೇಜರ್ ಸ್ವಿಚ್ ಒತ್ತಿದರು. ತೆರೆ ಕಪ್ಪು, ಒಳಗಿನಿಂದ ಉದ್ದನೆಯ ಕೂಗು. ಹೊರಗೆ ಎಲೆ ಮೂಟೆಗಳ ಸಾಲು ಗೇಟಿನ ತನಕ ಬೆಳೆಯಿತು. ಎಲೆ ಬಾಡಿದರೆ ಯಾರು ಜವಾಬ್ದಾರಿ ಎಂದು ತೋಟದವರು ಕಿಟಕಿಯಲ್ಲಿ ಬಗ್ಗಿ ಕೇಳುತ್ತಿದ್ದರು. ಒಳಗೆ ಕೈ ಹಾಕಿದ್ದವಳು ನಾನು. ಕೆಲಸ ಹೋಗುವುದಷ್ಟೇ ಆಗಿದ್ದರೆ ಹೇಗೋ... ಗಂಡ ಸತ್ತವಳು ಕುಂಕುಮ ಇಟ್ಟದ್ದಕ್ಕೇ ಹೀಗಾಯಿತು ಎಂದು ಅವರು ಹೇಳುವ ಮೊದಲೇ ನಾನೇ ನಂಬಿಬಿಟ್ಟಿದ್ದೆ.

ಸಿಸ್ಟಂ ಅಣ್ಣ ಬಂದರು. ಬಾಗಿಲಲ್ಲೇ ನಿಂತು ಕೂಗನ್ನು ಕೇಳಿ, ಇದು ಮೆಮೊರಿಯದೇ ಎಂದರು. ಎರಡೂ ಕಡ್ಡಿ ತೆಗೆದರು. ಒಂದನ್ನೇ ಹಾಕಿ ನೋಡಿದರು, ತೆರೆ ಬಂತು. ಅದನ್ನು ತೆಗೆದು ಇನ್ನೊಂದನ್ನು ಹಾಕಿ ನೋಡಿದರು, ಅದೂ ಬಂತು. ಹಾಗಾದರೆ ಕಡ್ಡಿಗಳು ಕೆಟ್ಟಿಲ್ಲ, ಕೂರಿಸಿದ್ದು ಸರಿಯಿಲ್ಲ ಎಂದರು. ಆಮೇಲೆ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೊಟ್ಟು ಹಲ್ಲಿನ ತನಕ ಹರಡಿತ್ತು. ಅವರ ಕಣ್ಣು ಕುಂಕುಮದಿಂದ ನನ್ನ ಕಡೆಗೆ ಬಂದು, ಅಲ್ಲಿ ನಿಲ್ಲದೆ ಹಿಂದಕ್ಕೆ ಹೋಯಿತು.

ಅದೇನು ಕೆಂಪು ಎಂದು ಮ್ಯಾನೇಜರ್ ಕೇಳಿದರು.

“ತುಕ್ಕು ಸಾರ್. ಈ ಊರ ಮಳೆಗೆ ಏನು ತಾನೆ ತುಕ್ಕು ಹಿಡಿಯಲ್ಲ.” ರಬ್ಬರ್ ತೆಗೆದು ಉಜ್ಜತೊಡಗಿದರು.

ಒಳಗೆ ಯಾರಾದರೂ ಕೈ ಹಾಕಿದ್ದಾರಾ ಎಂದು ಮ್ಯಾನೇಜರ್ ಬಿಡದೆ ಕೇಳಿದರು. ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ.

“ಯಾರೂ ಇಲ್ಲ ಸಾರ್. ಹೋದ ವಾರ ನಾನೇ ಒಂದು ಕಡೆ ಸರಿಯಾಗಿ ಅಮುಕಿರಲಿಲ್ಲ.”

ಬೆರಳುದ್ದದ ಎರಡು ಕಡ್ಡಿ ಕೂರಿಸಲು ಬಾರದವನಿಗೆ ಅಂಗಡಿಯ ಬೋರ್ಡು ಬೇರೆ ಕೇಡು ಎಂದು ಮ್ಯಾನೇಜರ್ ತಮಿಳಿನಲ್ಲಿ, ಕಿಟಕಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ ತಕ್ಕಡಿಯ ಕಡೆ ನಡೆದರು. ತೋಟದವರು ನಕ್ಕರು. ಸಿಸ್ಟಂ ಅಣ್ಣ ಪ್ಲಗ್ ಕಿತ್ತು, ನನ್ನನ್ನು ಕರೆದು, ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು.

“ಅಮುಕಿ ಅಕ್ಕಾ. ಎರಡು ಕಡೆಯೂ ಟಕ್ ಅನ್ನಬೇಕು. ಒಂದೇ ಕಡೆ ಅಂದ್ರೆ ಕೂತ ಹಾಗೆ ಕಾಣ್ತದೆ, ಕೂತಿರಲ್ಲ.”

ಅಮುಕಿದೆ. ಒಂದು ಟಕ್. ಇನ್ನಷ್ಟು ಬಲ ಹಾಕಿದೆ, ಇನ್ನೊಂದು.

“ನೋಡಿದ್ರಾ, ಇಷ್ಟೇ ಆಗಿದ್ದು. ನೀವು ಬೊಟ್ಟು ಇಟ್ಟದ್ದಕ್ಕಲ್ಲ. ಮುಂದಿನ ವರ್ಷ ಡಬ್ಬಿಯ ಹೊರಗೆ ಇಡಿ, ದೇವರು ಒಳಗೆ ಇಣುಕಿ ನೋಡಲ್ಲ.” ಕೆಂಪಾಗಿದ್ದ ರಬ್ಬರನ್ನು ನನ್ನ ಅಂಗೈಯಲ್ಲಿಟ್ಟು ಹೊರಟುಹೋದರು.

ಅದಾದ ಮೇಲೆ ಫ್ಯಾಕ್ಟರಿಯವರು ಊಟಿಯಿಂದ ಬೇರೆಯವರನ್ನು ಕರೆಸತೊಡಗಿದರು. ಆ ನಗು ಪೇಟೆಗೂ ಹೋಯಿತು. ಇನ್ನೆರಡು ಕಡೆಯ ಕೆಲಸವೂ ಅವರಿಗೆ ತಪ್ಪಿತೆಂದು ಕೇಳಿದೆ. ಮ್ಯಾನೇಜರಿಗೆ ನಿಜ ಹೇಳಬೇಕೆಂದು ಮೂರು ಸಲ ಬಾಗಿಲ ತನಕ ಹೋದೆ, ಮೂರು ಸಲವೂ ಟೀ ಬೇಕಾ ಎಂದು ಕೇಳಿ ಬಂದೆ. ಪೇಟೆಯಲ್ಲಿ ಎದುರಾದರೆ ಸಿಸ್ಟಂ ಅಣ್ಣ ಅದೇ ಸ್ವೆಟರಿನಲ್ಲಿ ನಿಂತು, “ಏನಕ್ಕಾ, ಎರಡು ಕಡೆಯೂ ಟಕ್ ಅಂತಾ?” ಎಂದಷ್ಟೇ ಕೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ನಿಮ್ಮ ಅಪ್ಪನಿಗೆ ಕೆಲಸ ಸಿಕ್ಕಿ, ನಾನು ಫ್ಯಾಕ್ಟರಿ ಬಿಟ್ಟ ಮೇಲೆ, ಇನ್ನು ಹೆದರಿಕೆ ಇಲ್ಲವೆಂದು ಒಂದು ದಿನ ಆ ಮಾಳಿಗೆ ಹತ್ತಿದೆ. ಬಾಗಿಲಿಗೆ ಬೇರೆ ಬೀಗ. ತೀರಿಕೊಂಡು ಆರು ತಿಂಗಳಾಯಿತು, ಹೆಂಡತಿ ಮಗಳು ಊರಿಗೆ ಹೋದರು ಎಂದು ಕೆಳಗಿನ ಬಟ್ಟೆ ಅಂಗಡಿಯವರು ಹೇಳಿದರು. ಯಾವ ಊರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಏಕೆ ಬಂದೆನೆಂದು ಅವರು ಕೇಳಿದರು. ಅಲ್ಲಿಯೂ ಹೇಳಲಿಲ್ಲ...

ಈಗ ಆಯುಧ ಪೂಜೆಗೆ ನಿಮ್ಮ ಅಮ್ಮ ಕುಂಕುಮದ ಬಟ್ಟಲನ್ನು ನನ್ನ ಕೈಗೇ ಕೊಡುತ್ತಾಳೆ. ನಿಮ್ಮ ಸಿಸ್ಟಂನ ಹೊರಗೆ ಬೊಟ್ಟು ಇಡುವುದು ನಾನೇ. ಆ ರಬ್ಬರ್ ನನ್ನ ಟ್ರಂಕಿನಲ್ಲಿದೆ, ಒಣಗಿ ಕಲ್ಲಾಗಿದೆ, ವಾಸನೆಯೂ ಹೋಗಿದೆ.

ಈ ಹಾಳೆಗಳನ್ನು ಅದರ ಜೊತೆಗೇ ಇಡಿ, ಕಳೆಯಬೇಡಿ. ಸಿಸ್ಟಂ ಅಣ್ಣನ ಮಗಳಿಗೆ ಈಗ ನಿಮ್ಮ ಅಪ್ಪನಷ್ಟೇ ವಯಸ್ಸಾಗಿರಬೇಕು. ಎಲ್ಲಾದರೂ ಸಿಕ್ಕರೆ ಓದಿ ಹೇಳಿ. ಅಂದು ಕಡ್ಡಿಯನ್ನು ಸರಿಯಾಗಿ ಅಮುಕದೆ ಹೋದದ್ದು ಅವಳ ಅಪ್ಪ ಅಲ್ಲ.

ಅಜ್ಜಿ