ಪೀಟಿ ಮೇಡಂ ಸೈಕಲ್ಲಿನಲ್ಲಿ ದೇಶ ದಾಟಿದ್ದು

ಕೋರ ದಾಟಿ ತುಮಕೂರು ಇನ್ನೇನು ಬಂತು ಅನ್ನುವಷ್ಟರಲ್ಲಿ, ಹಿಂದಿನಿಂದ ಬಂದ ವ್ಯಾನು ಹೈವೇ ಪಕ್ಕಕ್ಕೆ ನಿಂತಿತು. ಡ್ರೈವರು ಟಾಪಿನ ಮೇಲಿಂದ ಕೃಷ್ಣಕುಮಾರನ ಸೈಕಲ್ ಇಳಿಸಿದ. ಕೃಷ್ಣಕುಮಾರ ಎ.ಸಿ.ಯಿಂದ ಹೊರಗೆ ಬಂದು, ಮಡಿಕೆ ಬಿಚ್ಚದ ಹೊಸ ಜರ್ಸಿ ತೊಟ್ಟು, ಬಾಟಲಿ ನೀರನ್ನು ತಲೆಗೆ, ಕತ್ತಿಗೆ, ಕಂಕುಳಿಗೆ ಚಿಮುಕಿಸಿಕೊಂಡ. ಆಮೇಲೆ ಬಗ್ಗಿ ರಸ್ತೆಯಂಚಿನ ಮಣ್ಣು ಒಂದು ಹಿಡಿ ತಗೊಂಡು, ಮದುವೆಮನೆಯಲ್ಲಿ ಅರಿಶಿನ ಹಚ್ಚಿಕೊಳ್ಳುವ ಹಾಗೆ ಮೀನಖಂಡಕ್ಕೆಲ್ಲ ಸವರಿಕೊಂಡ.

ಪ್ರೇಮಲತಾ ಒಂದು ಕಾಲು ನೆಲಕ್ಕೂರಿ ಇದನ್ನೆಲ್ಲ ನೋಡುತ್ತಿದ್ದಳು. ಬಾಯೊಳಗೆ ಹುಳಿನೀರು ಬಂದು ಪಕ್ಕಕ್ಕೆ ಉಗಿದಳು.

‘ಯಾಕೆ ಮೇಡಂ, ಪಿತ್ತವಾ?’ ಅಂದ ಕೃಷ್ಣಕುಮಾರ. ‘ಬನ್ನಿ ಬನ್ನಿ, ಟೌನ್‌ಹಾಲ್ ಹತ್ರ ಜನ ಕಾಯ್ತಾವ್ರೆ. ನಾನು ಮುಂದೆ ಇರ್ತೀನಿ, ನೀವು ಹಿಂದೆ ಬನ್ನಿ.’

ಪ್ರೇಮಲತಾ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ. ಖೊಖೊ ಆಡುತ್ತಾ ಆಡುತ್ತಾ ಬೆಳೆದವಳು. ಅದೇ ಆಟದ ಬಲದ ಮೇಲೆ ಓದಿ ಪೀಟಿ ಮೇಡಂ ಆಗಿ, ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯ ಹೈಸ್ಕೂಲಿಗೆ ಸೇರಿದಳು. ಗಂಡ ಶಿವಮೂರ್ತಿ ಖಾಸಗಿ ಬಸ್ಸಿನ ಡ್ರೈವರು, ಮಾತು ಕಡಿಮೆ. ಆ ಕೊರತೆಯನ್ನು ಅತ್ತೆ ಸಿದ್ದಲಕ್ಷ್ಮಮ್ಮ ಬಡ್ಡಿ ಸಮೇತ ತುಂಬುತ್ತಿದ್ದಳು. ಕೊರೋನ ಕಾಲದಲ್ಲಿ ಬಸ್ಸು ನಿಂತಾಗ ಪ್ರೇಮಲತಾ ಸೈಕಲ್ ಹತ್ತಿದಳು, ಬಸ್ಸು ಮತ್ತೆ ಶುರುವಾದರೂ ಇಳಿಯಲಿಲ್ಲ. ಭಾನುವಾರ ಭಾನುವಾರ ತುಮಕೂರಿನ ‘ಗಾಲಿ ಗೆಳೆಯರು’ ಅನ್ನೋ ಬಳಗದ ಜೊತೆ ದೇವರಾಯನದುರ್ಗದ ಕಡೆ ಹೋಗಿಬರುವ ರೂಢಿಯಾಯಿತು. ಬಳಗದ ಅಧ್ಯಕ್ಷ ಕೃಷ್ಣಕುಮಾರ ಸೈಟು ಮಾರುವ ಮನುಷ್ಯ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ಹೊಡೆಯುವ ಮಾತು ತೆಗೆದವನೂ ಅವನೇ. ಬರ್ತೀವಿ ಅಂದವರು ಬೇಕಾದಷ್ಟು ಜನ. ಹೊರಟಿದ್ದು ಮೂರೇ ಮಂದಿ. ಅವನು, ಪ್ರೇಮಲತಾ, ಮತ್ತೆ ಬ್ಯಾಂಕಿನಿಂದ ರಿಟೈರಾಗಿದ್ದ ರಾಮಾಂಜಿನಯ್ಯ. ಹಿಂದೆ ಸಾಮಾನು ಹೊರಲು ಕೃಷ್ಣಕುಮಾರ ಗೊತ್ತುಮಾಡಿದ ಒಂದು ವ್ಯಾನು.

‘ಚಡ್ಡಿ ಹಾಕ್ಕೊಂಡು ಕಾಶ್ಮೀರಕ್ಕೆ ಹೋಯ್ತಾಳಂತೆ,’ ಅಂತ ಅತ್ತೆ ಬೀದಿಗೆಲ್ಲ ಸಾರಿದಳು. ದಸರಾ ರಜೆಗೆ ಇದ್ದಬದ್ದ ರಜೆಯನ್ನೆಲ್ಲ ಸೇರಿಸಿ ಪ್ರೇಮಲತಾ ಹೊರಟೇಬಿಟ್ಟಳು.

ದೇಶ ನೋಡಿದ ಹಾಗಾಗುತ್ತೆ ಅಂತ ಅವಳ ಆಸೆ. ನೋಡಿದ್ದು ದೇಶದ ರಸ್ತೆಯಂಚನ್ನು. ಹೈವೇಯಲ್ಲಿ ಸೈಕಲ್ಲಿಗೆ ಸಿಗೋದು ಎಡಗಡೆಯ ಒಂದು ಗೇಣು ಜಾಗ, ಊರಿನವರು ಬೇಡ ಅಂತ ಬಿಸಾಕಿದ್ದೆಲ್ಲ ಬಂದು ಬೀಳುವುದೂ ಅಲ್ಲಿಗೇ. ಚಪ್ಪಟೆಯಾಗಿ ಡಾಂಬರಿಗಂಟಿದ ನಾಯಿಗಳು, ಮಗುವಿನ ಡಯಾಪರು, ಒಡೆದ ಬಿಯರ್ ಬಾಟಲಿ. ಲಾರಿಯವರು ಓಡುತ್ತಿರುವ ಗಾಡಿಯಲ್ಲೇ ಬಾಟಲಿಗೆ ಉಚ್ಚೆ ಹೊಯ್ದು ಮುಚ್ಚಳ ತಿರುಗಿಸಿ ಎಸೆಯುತ್ತಾರೆ. ಅಂಥದ್ದೊಂದು ಅವಳ ಮುಂದಿನ ಚಕ್ರಕ್ಕೆ ಸಿಕ್ಕಿ ಸಿಡಿದು ಮೊಣಕಾಲಿನ ತನಕ ತೋಯಿಸಿತ್ತು. ಪಾಯಿಖಾನೆಗೆ ಜಾಗ ಹುಡುಕುವುದೇ ಒಂದು ದಿನಗೂಲಿ ಕೆಲಸ. ಲಾಡ್ಜಿನ ಹಾಸಿಗೆಯಲ್ಲಿ ಹಿಂದೆ ಮಲಗಿ ಹೋದವರ ಕೂದಲು. ಬೈಕಿನಲ್ಲಿ ಪಕ್ಕಪಕ್ಕದಲ್ಲೇ ಬಂದು, ಅವಳ ಕಾಲನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದ ಗಂಡಸರು. ಎಲ್ಲ ಊರಲ್ಲೂ ಅದೇ ಪ್ರಶ್ನೆ: ಗಂಡ ಎಲ್ಲಿ? ಸೀಟು ಉಜ್ಜಿ ಉಜ್ಜಿ ತೊಡೆಸಂದಿಯಲ್ಲಿ ಕುರು ಎದ್ದು, ಒಡೆದು, ಮತ್ತೆ ಎದ್ದಿತು. ತನ್ನ ಮೈಯ ವಾಸನೆಯೇ ತನಗೆ ಹೇಸಿಗೆಯಾಗುತ್ತಿತ್ತು.

ಇದನ್ನೆಲ್ಲ ಅವಳು ತಡೆದುಕೊಂಡಳು. ತಡೆದುಕೊಳ್ಳೋಕಾಗದ್ದು ವ್ಯಾನಿನೊಳಗಿತ್ತು.

ರಾಜಸ್ಥಾನದಲ್ಲಿ ರಾಮಾಂಜಿನಯ್ಯನವರ ಮಂಡಿ ಊದಿತು. ‘ನನ್ನ ಕೈಲಾಗಲ್ಲಪ್ಪ, ನಾನು ವ್ಯಾನಲ್ಲಿ ಬರ್ತೀನಿ,’ ಅಂತ ಅವರು ನೇರವಾಗಿಯೇ ಹೇಳಿ ಹತ್ತಿದರು. ಅದರಲ್ಲಿ ತಪ್ಪೇನಿರಲಿಲ್ಲ. ಎರಡು ದಿನ ಬಿಟ್ಟು ಕೃಷ್ಣಕುಮಾರ ‘ಪಾಪ, ವಯಸ್ಸಾದೋರು ಒಬ್ರೇ ಕೂತಿರ್ತಾರೆ’ ಅಂತ ತಾನೂ ಹತ್ತಿದ. ಅಲ್ಲಿಂದಾಚೆಗೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಸೈಕಲ್ ತುಳಿದು ವಿಡಿಯೋ ಮಾಡಿಕೊಳ್ಳುವನು, ಮಧ್ಯಾಹ್ನವೆಲ್ಲ ವ್ಯಾನಿನಲ್ಲಿ ಗೊರಕೆ ಹೊಡೆಯುವನು. ಬಳಗದ ಗ್ರೂಪಿನಲ್ಲಿ ಮಾತ್ರ ದಿನವೂ ‘ನಾವು ಮೂವರು ಇವತ್ತು ಇಷ್ಟು ದೂರ ಬಂದೆವು’ ಅಂತ ಬರುತ್ತಿತ್ತು.

ಪ್ರೇಮಲತಾ ಬಾಯಿ ಬಿಡಲಿಲ್ಲ. ಅವಳ ಬ್ಯಾಗು, ಕುಡಿಯುವ ನೀರು, ಕುರುವಿಗೆ ಹಚ್ಚುವ ಮುಲಾಮು ಎಲ್ಲವೂ ಇದ್ದದ್ದು ಅದೇ ವ್ಯಾನಿನಲ್ಲಿ. ಅವನು ಕೊಟ್ಟ ನೀರು ಕುಡಿಯುವಾಗೆಲ್ಲ ಅವನ ಸುಳ್ಳನ್ನೂ ಒಂದು ಗುಟುಕು ಕುಡಿದಂತಾಗುತ್ತಿತ್ತು.

ಟೌನ್‌ಹಾಲ್ ಹತ್ತಿರ ಆಳೆತ್ತರದ ಫ್ಲೆಕ್ಸು. ಅದರ ತುಂಬ ಕೃಷ್ಣಕುಮಾರನ ಮುಖ. ಕೆಳಗೆ ಪಾಸ್‌ಪೋರ್ಟ್ ಫೋಟೋದಷ್ಟು ಜಾಗದಲ್ಲಿ ಉಳಿದಿಬ್ಬರು. ಡಿಜೆ ಸದ್ದಿಗೆ ಎದೆ ಅದುರುತ್ತಿತ್ತು. ಯಾರೋ ಅವಳ ಬೆವರಿಗಂಟಿದ ಕೂದಲ ಮೇಲೆಯೇ ಮೈಸೂರು ಪೇಟ ಒತ್ತಿ ಕೂರಿಸಿದರು. ಸೇಬಿನ ಹಾರ ಕತ್ತಿಗೆ ಬಿದ್ದದ್ದೇ ಜನ ಮುಗಿಬಿದ್ದು ಅದರ ಹಣ್ಣು ಕಿತ್ತುಕೊಂಡರು. ‘ದೇಶವನ್ನೇ ಸೈಕಲ್ಲಿನಲ್ಲಿ ದಾಟಿ ಬಂದ ನಮ್ಮ ಹೆಮ್ಮೆಯ...’ ಅಂತ ಮೈಕಿನಲ್ಲಿ ಒಬ್ಬ ಕಿರುಚುತ್ತಿದ್ದ. ರಾಮಾಂಜಿನಯ್ಯನವರು ಶಾಲು ಹೊದ್ದು ತಲೆ ತಗ್ಗಿಸಿ ಕೂತಿದ್ದರು. ನಾನು ವ್ಯಾನಿನಲ್ಲಿ ಬಂದವನು ಅಂತ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಪ್ರೇಮಲತಾ ಕಾದಳು. ಅವರು ಹೇಳಲಿಲ್ಲ. ಎದ್ದು ಕೈ ಮುಗಿದು ಕೂತರು.

ಸಭೆ ಮುಗಿದ ಮೇಲೆ ಕೇಸರಿಬಾತಿನ ತಟ್ಟೆಗಳು ಚರಂಡಿ ತುಂಬ ತೇಲುತ್ತಿದ್ದವು. ಪ್ರೇಮಲತಾ ಕೃಷ್ಣಕುಮಾರನನ್ನು ಪಕ್ಕಕ್ಕೆ ಕರೆದಳು.

‘ಸಾರ್, ನಾಳೆ ಎಷ್ಟೊತ್ತಿಗೆ ಹೊರಡೋದು?’

‘ಎಲ್ಲಿಗೆ?’

‘ಕನ್ಯಾಕುಮಾರಿಗೆ.’

ಅವನು ನಕ್ಕ. ‘ಮುಗೀತಲ್ಲ ಮೇಡಂ! ಹಾರ ಬಿದ್ದ ಮೇಲೆ ಇನ್ನೇನು? ಉಳಿದಿದ್ದೆಲ್ಲ ಫಾರ್ಮಾಲಿಟಿ. ಮುಂದಿನ ವಾರ ಟಿಟಿ ಗಾಡಿ ಮಾಡ್ಕೊಂಡು ಫ್ಯಾಮಿಲಿ ಸಮೇತ ಹೋಗೋಣ, ಸೈಕಲ್ ಮೇಲೆ ಹಾಕ್ಕೊಂಡ್ರಾಯ್ತು. ಅಲ್ಲೊಂದು ಫೋಟೋ ಹೊಡಿಸ್ಕೊಂಡು ಬರೋಣ.’

ಪ್ರೇಮಲತಾ ವ್ಯಾನಿನಿಂದ ತನ್ನ ಬ್ಯಾಗು ಎಳೆದುಕೊಂಡು, ಅದರಲ್ಲಿದ್ದ ಅರ್ಧ ಸಾಮಾನನ್ನು ಅಲ್ಲೇ ಬಿಟ್ಟು, ಉಳಿದದ್ದನ್ನು ಕ್ಯಾರಿಯರಿಗೆ ಬಿಗಿದಳು. ಪೇಟವನ್ನು ಕುರ್ಚಿಯ ಮೇಲಿಟ್ಟು ಕುಣಿಗಲ್ ರಸ್ತೆ ಹಿಡಿದಳು.

ಹೆಬ್ಬೂರು ದಾಟುವಾಗ ಗೊತ್ತಿದ್ದವರು ಕೈ ಬೀಸಿದರು. ಕುಣಿಗಲ್ ಕೆರೆ ಏರಿಯ ಮೇಲೆ ಸಂಜೆ ಗಾಳಿ ಬೀಸುತ್ತಿತ್ತು. ಅಮೃತೂರು ಮುಟ್ಟುವಷ್ಟರಲ್ಲಿ ಕತ್ತಲಾಯಿತು. ನಿಜ ಹೇಳಬೇಕೆಂದರೆ, ಮನೆ ಬಾಗಿಲು ಕಂಡಾಗ ಅವಳಿಗೂ ಸಾಕು ಅನ್ನಿಸಿತು. ಬಿಸಿನೀರು ಹುಯ್ಕೊಂಡು, ತನ್ನ ಚಾಪೆ ತನ್ನ ದಿಂಬಿಗೆ ಒರಗಿದರೆ ಯಾರು ಬಂದು ಕೇಳುತ್ತಾರೆ? ಊರಿಗೆ ಊರೇ ಮುಗೀತು ಅನ್ನುತ್ತಿದೆ. ಹಾಗೆ ಅನ್ನಿಸಿದ್ದಕ್ಕೆ, ಕೃಷ್ಣಕುಮಾರನ ಮೇಲಿದ್ದ ಅಸಹ್ಯವೆಲ್ಲ ತನ್ನ ಮೇಲೇ ತಿರುಗಿತು.

ಸಿದ್ದಲಕ್ಷ್ಮಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ‘ಥೂ, ಏನೇ ಇದು, ಹೆಣದ ವಾಸ್ನೆ! ಮೊದ್ಲು ಬಚ್ಚಲಿಗೆ ಹೋಗು.’

ಮುದ್ದೆಗೆ ಬಸ್ಸಾರು ಬಿಡುತ್ತಾ ಕೇಳಿದಳು, ‘ಮುಗೀತೇನೇ?’

‘ಎಲ್ರೂ ಮುಗೀತು ಅಂತಾವ್ರೆ ಅತ್ತೆ.’

‘ಎಲ್ರುನ್ನ ಯಾರು ಕೇಳಿದ್ರು? ಹೋಗ್ತೀನಿ ಅಂದಿದ್ದು ಎಲ್ಲಿಗಂಟ?’

‘ಸಮುದ್ರದ ಗಂಟ.’

‘ಅಮೃತೂರಲ್ಲಿ ಯಾವ ಸಮುದ್ರ ಐತೆ? ಚಡ್ಡಿ ಹಾಕ್ಕೊಂಡು ಮಾನ ಕಳೆದಿದ್ದೂ ಆಯ್ತು, ಅರ್ಧಕ್ಕೆ ಬಂದು ಆಡಿದ ಮಾತುನ್ನೂ ಕಳೀಬೇಡ. ಉಣ್ಣು.’

ಗಂಡ ಶಿವಮೂರ್ತಿ ಟೈರಿಗೆ ಗಾಳಿ ಹೊಡೆದು, ಬ್ರೇಕಿನ ರಬ್ಬರು ಬದಲಿಸಿಟ್ಟ. ‘ಬಸ್ಸು ಬಿಟ್ಟು ಹಿಂದೆ ಬರ್ಲಾ?’ ಅಂದ. ಬೇಡ ಅಂದಳು. ಮಾರನೆಯ ಬೆಳಿಗ್ಗೆ ಹುಲಿಯೂರುದುರ್ಗದ ಮೇಲೆ ಮದ್ದೂರಿನ ದಾರಿ ಹಿಡಿದಳು.

ಆ ದಾರಿಯಲ್ಲಿ ವ್ಯಾನಿರಲಿಲ್ಲ. ಬಾಕಿಯೆಲ್ಲ ಮೊದಲಿನಂತೆಯೇ ಇತ್ತು. ಹಾಸನೂರು ಕಾಡು ದಾಟಿ ದಿಂಬಂ ಘಾಟಿ ಇಳಿಯುವಾಗ ತಿರುವಿನ ಮೇಲೆ ತಿರುವು. ಬ್ರೇಕ್ ಹಿಡಿದೂ ಹಿಡಿದೂ ಅಂಗೈಯಲ್ಲಿ ಬೊಬ್ಬೆ ಎದ್ದವು, ರಬ್ಬರು ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಕೆಳಗೆ ತಮಿಳುನಾಡಿನ ಬಯಲಿನಲ್ಲಿ ಮಳೆ ಶುರು. ಲಾರಿಗಳು ಕೆಸರು ಎರಚಿ ಎರಚಿ ಹಲ್ಲಿನ ಸಂದಿಯಲ್ಲೂ ಮಣ್ಣು. ಆದರೂ ಒಂದು ವ್ಯತ್ಯಾಸವಿತ್ತು. ಯಾರದೋ ಅಂಗಡಿಯಲ್ಲಿ ಕೇಳಿ ಕುಡಿದ ನೀರು ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ.

ಕನ್ಯಾಕುಮಾರಿ ಮುಟ್ಟಿದ ದಿನ ಮೋಡ ಕವಿದಿತ್ತು. ಸಮುದ್ರ ಕಂಡಾಗ ಅಳು ಬರುತ್ತೆ ಅಂದುಕೊಂಡಿದ್ದಳು. ಬಂದದ್ದು ಮೀನು ಮತ್ತು ಉಚ್ಚೆಯ ನಾತ. ಸ್ನಾನ ಮಾಡಿದವರು ಬಿಟ್ಟುಹೋದ ಬಟ್ಟೆಗಳು ಬಂಡೆಗೆ ಸುತ್ತಿಕೊಂಡಿದ್ದವು. ಅಲೆ ಬಂದಾಗಲೆಲ್ಲ ಎಳನೀರು ಬುರುಡೆ, ಚಿಪ್ಸಿನ ಕವರು ಕಾಲಿಗೆ ಬಂದು ತಾಕುತ್ತಿದ್ದವು. ಮುಂದಿನ ಚಕ್ರವನ್ನು ನೀರಿಗಿಳಿಸಿ ಒಂದು ಗಳಿಗೆ ನಿಂತಳು. ಆ ಒಂದು ಗಳಿಗೆ ಚೆನ್ನಾಗಿತ್ತು.

‘ಮೇಡಂ! ಕರೆಕ್ಟ್ ಟೈಮಿಗೆ ಬಂದ್ರಿ!’

ತಿರುಗಿ ನೋಡಿದರೆ ಕೃಷ್ಣಕುಮಾರ. ಜೊತೆಗೆ ರಾಮಾಂಜಿನಯ್ಯ. ಮೆಟ್ಟಿಲ ಮೇಲೆ ಮನೆಯವರೆಲ್ಲ ಜೋಳ ತಿನ್ನುತ್ತಾ ಕೂತಿದ್ದರು. ಟಿಟಿಯಿಂದ ಇಳಿಸಿದ ಸೈಕಲ್ಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಅವನು ಫೋಟೋಗೆ ನಿಂತಿದ್ದ. ಅದರ ಟೈರಿನಲ್ಲಿ ಒಂದು ಚೂರು ಕೆಸರಿರಲಿಲ್ಲ.

‘ಬನ್ನಿ, ಮಧ್ಯೆ ನಿಂತ್ಕೊಳ್ಳಿ. ಮೂರೂ ಜನ ಇದ್ರೆ ಪೇಪರಿಗೆ ಚೆನ್ನಾಗಿರುತ್ತೆ.’

ಪ್ರೇಮಲತಾ ಸೈಕಲ್ ತಳ್ಳಿಕೊಂಡು ಅವರ ಹಿಂದಿನಿಂದಲೇ ಹಾದು ಹೋದಳು. ಗಲ್ಲಿಯ ತಿರುವಿನಲ್ಲಿ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲ; ಬರೀ ಹಳದಿ ನೀರು ಬಂತು.

ಸೈಕಲ್ಲನ್ನು ರೈಲಿಗೆ ಹಾಕಿ ಊರಿಗೆ ಬರುವಷ್ಟರಲ್ಲಿ ಫೋಟೋ ಊರೆಲ್ಲ ಹರಿದಾಡಿತ್ತು. ಸೈಕಲ್ ಎತ್ತಿ ನಿಂತ ಕೃಷ್ಣಕುಮಾರ, ಪಕ್ಕದಲ್ಲಿ ರಾಮಾಂಜಿನಯ್ಯ, ಹಿಂದೆ ದಾಟಿ ಹೋಗುತ್ತಿರುವ ಅವಳ ಬೆನ್ನು. ‘ಗುರಿ ಮುಟ್ಟಿದ ಮೂವರು’ ಅಂತ ಬರೆದಿದ್ದರು. ಸಿಕ್ಕಿದವರೆಲ್ಲ ಅವಳಿಗೆ ಕೈ ಕುಲುಕಿ ‘ನಿಮ್ ಟೀಮು ಸೂಪರ್ ಮೇಡಂ’ ಅನ್ನುವರು. ಅವಳು ಕೈ ತೊಳೆದುಕೊಳ್ಳುವಳು. ‘ಟೀಮಲ್ಲ, ನಾನೊಬ್ಳೇ ಬಂದಿದ್ದು’ ಅಂತ ಸ್ಟಾಫ್ ರೂಮಿನಲ್ಲಿ ಒಂದು ಸಲ ಹೇಳಿದಳು. ‘ಅಯ್ಯೋ, ಗಂಡಸರ ಸಹಾಯ ಇಲ್ದೆ ಆಗ್ತಿತ್ತಾ, ಹಂಗನ್ಬಾರ್ದು,’ ಅಂದರು.

ಇದಾದ ಮೇಲೆ ಗುಬ್ಬಿಯಲ್ಲಿ ಒಂದು ಸನ್ಮಾನ. ಹುಟ್ಟಿದ ತಾಲ್ಲೂಕು ಕರೆದಿದೆ ಅಂತ ಸೀರೆ ಉಟ್ಟು ಹೋದರೆ, ವೇದಿಕೆಯ ಮೇಲೆ ಅವರಿಬ್ಬರೂ ಇದ್ದರು. ಎದ್ದು ಹೋಗೋಕೆ ಸಂಕೋಚವಾಗಿ ಕೂತಳು. ಕೃಷ್ಣಕುಮಾರ ಮೈಕ್ ಹಿಡಿದ. ಕಾಶ್ಮೀರದ ಚಳಿ, ರಾಜಸ್ಥಾನದ ಬಿಸಿಲು ಎಲ್ಲ ಮುಗಿಸಿ ದಿಂಬಂಗೆ ಬಂದ. ‘ಆ ಘಾಟಿ ಹತ್ತುವಾಗ, ಬಂಧುಗಳೇ, ನನ್ನ ತೊಡೆ ಕಿತ್ತು ಕೈಗೆ ಬಂದ ಹಾಗಾಯ್ತು. ಈ ನಮ್ಮ ಮೇಡಂ ಅಳ್ತಾ ಕೂತುಬಿಟ್ರು. ನಾನೇ ಧೈರ್ಯ ಹೇಳಿ ಹತ್ತಿಸಿದೆ.’

ಈ ಕಡೆಯಿಂದ ಹೋಗುವವರು ಆ ಘಾಟಿಯನ್ನು ಹತ್ತುವುದೇ ಇಲ್ಲ, ಇಳಿಯುತ್ತಾರೆ. ಸಭೆಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ, ಚಪ್ಪಾಳೆ ಬಿತ್ತು. ಪ್ರೇಮಲತಾ ಎದ್ದು ಅವನ ಹತ್ತಿರ ಹೋದಳು. ಮೈಕ್ ಆನ್ ಇರುವಾಗಲೇ, ಮಕ್ಕಳಿಗೆ ಗ್ರೌಂಡಿನಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳಿದಳು.

‘ನೀನು ವ್ಯಾನಲ್ಲಿ ಬಂದೋನು. ನಿನ್ನ ಪಕ್ಕ ಕೂರಕ್ಕೆ ನಂಗೆ ಹೇಸಿಗೆ ಆಗ್ತೈತೆ.’

ಮೆಟ್ಟಿಲಿಳಿದು ಹೊರಟಳು. ಹಿಂದೆ ಗುಸುಗುಸು, ಯಾರದೋ ನಗು, ‘ಮೇಡಮ್ಮನಿಗೆ ಸ್ವಲ್ಪ ಹುಷಾರಿಲ್ಲ’ ಅನ್ನುವ ಕೃಷ್ಣಕುಮಾರನ ದನಿ.

ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ರಾಮಾಂಜಿನಯ್ಯನವರು ಕುಂಟುತ್ತಾ ಬಂದರು. ಏದುಸಿರು ಬಿಡುತ್ತಿದ್ದರು.

‘ಒಂದು ಟೀ ಕುಡಿಯಣ ಬಾಮ್ಮ.’

‘ಬೇಡ ಸಾರ್.’

‘ನನ್ನ ಮೇಲೂ ಅಷ್ಟೇ ಸಿಟ್ಟಾ?’

‘ಸಿಟ್ಟಲ್ಲ. ಮಂಡಿ ನೋವು ಬಂದಾಗ ನೀವೇ ಬಾಯಿಬಿಟ್ಟು ಹೇಳಿ ವ್ಯಾನ್ ಹತ್ತಿದ್ರಿ. ಅವತ್ತು ನಿಮ್ಮ ಮೇಲೆ ನಂಗೆ ಗೌರವ ಇತ್ತು. ಆಮೇಲೆ ಆ ಶಾಲು ಹೊದ್ಕೊಂಡ್ರಲ್ಲ... ನಿಮ್ಮ ಜೊತೆ ಟೀ ಕುಡಿದ್ರೆ ನನ್ನ ಗಂಟಲಲ್ಲಿ ಇಳಿಯಲ್ಲ.’

‘ಮನೇಲಿ ಮೊಮ್ಮಕ್ಳು ಫೋಟೋ ನೋಡಿ ಕುಣಿದ್ರು ಕಣಮ್ಮ. ಹೇಳಕ್ಕೆ ಬಾಯಿ ಬರ್ಲಿಲ್ಲ,’ ಅಂದರು ಅವರು. ಅವರ ಕಣ್ಣು ಒದ್ದೆಯಾಗಿತ್ತು. ಪ್ರೇಮಲತಾಗೆ ಆ ಕಣ್ಣೀರು ಕಂಡೂ ಮರುಕ ಹುಟ್ಟಲಿಲ್ಲ. ಬಸ್ಸು ಬಂತು, ಹತ್ತಿದಳು.

ಗಾಲಿ ಗೆಳೆಯರ ಗ್ರೂಪಿನಿಂದ ಅವಳನ್ನು ಅವತ್ತೇ ತೆಗೆದುಹಾಕಿದರು. ಕೃಷ್ಣಕುಮಾರ ಈಗ ಗುಜರಾತಿನಿಂದ ಅರುಣಾಚಲಕ್ಕೆ ಹೊರಡುತ್ತಾನಂತೆ. ಫ್ಲೆಕ್ಸು ಆಗಲೇ ಬಿದ್ದಿದೆ. ರಾಮಾಂಜಿನಯ್ಯನವರು ಸನ್ಮಾನದಲ್ಲಿ ಸಿಕ್ಕ ಶೀಲ್ಡನ್ನು ಅವನಿಗೇ ವಾಪಸು ಕೊಟ್ಟುಬಂದರು ಅಂತ ಯಾರೋ ಹೇಳಿದರು. ಪ್ರೇಮಲತಾ ಕೇಳಿಸಿಕೊಂಡಳು, ಅಷ್ಟೇ. ಸ್ಕೂಲಿನ ಹುಡುಗಿಯರು ಒಂದು ದಿನ ಗ್ರೌಂಡಿನಲ್ಲಿ ಸುತ್ತುವರಿದು ಕೇಳಿದರು, ‘ಮಿಸ್, ದೇಶ ಹೆಂಗಿತ್ತು?’

‘ಗಲೀಜಾಗಿತ್ತು ಕಣ್ರೇ,’ ಅಂದಳು ಅವಳು. ‘ರಸ್ತೆ ಗಲೀಜು, ಜನ ಅದಕ್ಕಿಂತ ಗಲೀಜು.’

‘ಮತ್ತೆ ನಾವು ದೊಡ್ಡೋರಾದ್ಮೇಲೆ ಹೋಗಬಾರ್ದಾ ಮಿಸ್?’

ಅವಳು ಕತ್ತಿನಲ್ಲಿದ್ದ ಪೀಪಿಯನ್ನು ಕೈಗೆ ತಗೊಂಡಳು.

‘ಹೋಗಿ. ವ್ಯಾನ್ ಇಟ್ಕೊಂಡು ಮಾತ್ರ ಹೋಗಬೇಡಿ,’ ಅಂದು ಪೀಪಿ ಊದಿ ಎಲ್ಲರನ್ನೂ ಲೈನಿಗೆ ನಿಲ್ಲಿಸಿದಳು.